ಚೌಕಕ್ಕೆ ಅರ್ಧ ನೂಲು ಕಡಿಮೆ

ನನ್ನ ಅಂಗಡಿಯ ಪ್ರಿಂಟರ್ ಯಾವುದನ್ನೂ ಇದ್ದ ಅಳತೆಯಲ್ಲಿ ಹಾಕುವುದಿಲ್ಲ. ಎಲ್ಲವನ್ನೂ ಒಂಚೂರು ಕುಗ್ಗಿಸಿ, ನಾಲ್ಕು ಬದಿಯಲ್ಲೂ ಬಿಳಿ ಜಾಗ ಬಿಟ್ಟು, ಚೊಕ್ಕವಾಗಿ ಹಾಕುತ್ತದೆ. ಅದು ಯಂತ್ರದ ತಪ್ಪಲ್ಲ, ನಾನೇ ಹಾಗೆ ಮಾಡಿ ಇಟ್ಟದ್ದು. ಬಿ.ಸಿ.ರೋಡಿನಲ್ಲಿ ಕಚೇರಿಗಳ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟರೆ ಈ ಬುದ್ಧಿ ತಾನಾಗಿ ಬರುತ್ತದೆ. ಪಹಣಿಯ ಒಂದು ಬದಿಯ ಗೆರೆ ಕಾಣದೆ ಹೋದರೆ, ಅರ್ಜಿಯ ಕೆಳಗಿನ ಸಾಲು ತುಂಡಾದರೆ, ಜನ ನೇರ ನನ್ನ ಹತ್ತಿರ ವಾಪಸು ಬಂದು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಬೈಯುತ್ತಾರೆ. ಅದಕ್ಕೆ ಅಂಗಡಿ ಹಾಕಿದ ಮೊದಲ ವರ್ಷವೇ ‘ಹಾಳೆಗೆ ಹೊಂದಿಸು’ ಎಂಬಲ್ಲಿ ಗುರುತು ಹಾಕಿದೆ, ಮತ್ತೆ ಹದಿನಾರು ವರ್ಷ ತೆಗೆದದ್ದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಬಂದು, ನಿಮ್ಮ ಹಾಳೆಯಲ್ಲಿ ಎಲ್ಲವೂ ಸ್ವಲ್ಪ ಸಣ್ಣದಾಗಿದೆ ಎಂದು ಹೇಳಲಿಲ್ಲ. ಹೇಳಿದವಳು ನನ್ನ ತಂಗಿ ಒಬ್ಬಳೇ, ಅದೂ ಅವಳು ನನ್ನ ಹತ್ತಿರ ಮಾತು ಬಿಟ್ಟು ಎರಡು ವರ್ಷ ಆದ ಮೇಲೆ.

ತಂಗಿ ಬೆಳ್ತಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಾಡಿಗೆ ಮನೆಯ ಎದುರಿನ ಕೋಣೆಯೇ ಅವಳ ಅಂಗಡಿ. ಗಂಡ ಗಲ್ಫಿನಲ್ಲಿ. ಒಬ್ಬಳೇ ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ನಮ್ಮಿಬ್ಬರ ಮಾತು ನಿಂತದ್ದು ಅಮ್ಮ ಹೋದ ದಿನ. ಮಂಗಳೂರಿನ ಆಸ್ಪತ್ರೆಗೆ ಹತ್ತಿರ ಎಂದು ಅಮ್ಮ ಕಡೆಯ ಐದು ತಿಂಗಳು ನನ್ನ ಮನೆಯಲ್ಲಿದ್ದರು. ಅದು ಮೇ ತಿಂಗಳು, ಮದುವೆಗಳ ಕಾಲ. ಅವತ್ತು ಬೆಳಿಗ್ಗೆ ಅಮ್ಮನ ಉಸಿರು ಬೇರೆ ಥರ ಕೇಳಿತು. ತಂಗಿಗೆ ಮರುದಿನದ ಒಂದು ಮದುವೆಗೆ ಹನ್ನೊಂದು ಬ್ಲೌಸ್ ಕೊಡಲಿಕ್ಕಿತ್ತು. ಹಿಂದೆ ಎರಡು ಸಲ ನಾನು ಗಾಬರಿಯಾಗಿ ಕರೆದಾಗ ಅವಳು ಮಿಶಿನ್ ಬಿಟ್ಟು ಓಡಿ ಬಂದಿದ್ದಳು, ಎರಡು ಸಲವೂ ಅಮ್ಮ ಸಂಜೆಗೆ ಎದ್ದು ಕೂತು ಚಾ ಕುಡಿದಿದ್ದರು. ಈ ಸಲ ಸ್ವಲ್ಪ ನೋಡಿಕೊಂಡು ಕರೆಯುವ ಎಂದು ನಾನೇ ತೀರ್ಮಾನ ಮಾಡಿದೆ. ಕರೆದದ್ದು ಮಧ್ಯಾಹ್ನ, ಎಲ್ಲ ಮುಗಿದ ಮೇಲೆ. ಬೆಳ್ತಂಗಡಿಯಿಂದ ಬಿ.ಸಿ.ರೋಡಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಸಾಕು. ಬೆಳಿಗ್ಗೆಯೇ ಹೇಳಿದ್ದರೆ ಅವಳಿಗೆ ಅಮ್ಮ ಸಿಗುತ್ತಿದ್ದರು.

ಅವಳು ಬಂದವಳು ಅಮ್ಮನ ಕಾಲ ಬುಡದಲ್ಲಿ ಕೂತಳು. ನನ್ನ ಮುಖ ನೋಡಲಿಲ್ಲ. ನೋಡಲು ಬಂದವರೆಲ್ಲ ಕೇಳುವ ಮಾತೊಂದು ಇದೆಯಲ್ಲ, ಕಡೆಗೆ ಏನಾದರೂ ಹೇಳಿದರಾ, ಯಾರನ್ನಾದರೂ ಕೇಳಿದರಾ ಎಂದು. ಕೇಳಿದವರಿಗೆಲ್ಲ ನಾನು ಇಲ್ಲ ಎಂದೆ. ಅದು ಸುಳ್ಳು. ಆ ಸುಳ್ಳನ್ನು ನಾನು ಗಂಡನ ಹತ್ತಿರವೂ ಬಿಚ್ಚಿರಲಿಲ್ಲ. ಬಿಚ್ಚಿದರೆ ತಂಗಿ ಈ ಜನ್ಮದಲ್ಲಿ ನನ್ನ ಹೊಸಿಲು ತುಳಿಯುವುದಿಲ್ಲ ಎಂದು ಖಾತ್ರಿಯಿತ್ತು. ಹೇಳದೆಯೂ ಅವಳು ತುಳಿಯಲಿಲ್ಲ ಎನ್ನುವುದು ಬೇರೆ ವಿಷಯ. ಫೋನ್ ಮಾಡಿದರೆ ಎತ್ತಲಿಲ್ಲ. ಒಮ್ಮೆ ಹಲಸಿನ ಹಪ್ಪಳ ಕಳಿಸಿದೆ, ಡಬ್ಬಿ ತೊಳೆದು ಖಾಲಿ ವಾಪಸು ಬಂತು. ನಮ್ಮಲ್ಲಿ ಪಾತ್ರೆ ಖಾಲಿ ಕಳಿಸುವ ಕ್ರಮ ಇಲ್ಲ, ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಆ ಡಬ್ಬಿಯ ಮುಚ್ಚಳ ತೆಗೆದು ನಾನು ಅಡುಗೆಕೋಣೆಯಲ್ಲಿ ನಿಂತು ಅತ್ತೆ.

ತಂಗಿಯ ಹುಡುಗಿ ಮಾತ್ರ ನನ್ನನ್ನು ಬಿಡಲಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ವೇಣೂರಿನ ಮೇಲಾಗಿ ಹತ್ತಿರದ ದಾರಿ ಇದೆ. ಅವಳು ತಿಂಗಳಿಗೆ ಎರಡು ಸಲ ಮನೆಗೆ ಹೋಗುವಾಗ ಸಿದ್ಧಕಟ್ಟೆಯ ಮೇಲಾಗಿ ಬಂಟ್ವಾಳಕ್ಕೆ ಬಂದು, ಬಿ.ಸಿ.ರೋಡಿನಲ್ಲಿ ಇಳಿದು, ನನ್ನ ಅಂಗಡಿಯಲ್ಲಿ ಅರ್ಧ ಗಂಟೆ ಕೂತು, ಆಮೇಲೆ ಬೆಳ್ತಂಗಡಿಯ ಬಸ್ಸು ಹತ್ತುತ್ತಾಳೆ. ಯಾಕೆ ಈ ಸುತ್ತು ಎಂದರೆ, ಇಲ್ಲಿಂದ ಹೋದರೆ ಸೀಟು ಸಿಗುತ್ತದೆ ಎನ್ನುತ್ತಾಳೆ. ಬಿ.ಸಿ.ರೋಡಿನಲ್ಲಿ ಸೀಟು ಸಿಗುವ ಬಸ್ಸನ್ನು ನಾನಂತೂ ಕಂಡಿಲ್ಲ.

ಮಳೆಗಾಲ ಹಿಡಿದ ಹೊಸತರಲ್ಲಿ ಒಂದು ಶನಿವಾರ ಅವಳು ಪೆನ್ ಡ್ರೈವ್ ತಂದಳು. ಅದರೊಳಗೆ ಇದ್ದದ್ದು ಒಂದು ಹಾಳು ಕೋಟೆಯ ನೆಲಮಾಳಿಗೆ, ಮಾಡು ತೆಗೆದು ಮೇಲಿನಿಂದ ಇಣುಕಿದ ಹಾಗೆ ಬಿಡಿಸಿದ ಚಿತ್ರಗಳು. ಹಾಸುಗಲ್ಲು, ಮುರಿದ ಕಂಬ, ನೀರು ನಿಂತ ಗುಂಡಿ, ಕಬ್ಬಿಣದ ಬಾಗಿಲು, ಒಂದು ಮೂಲೆಯಲ್ಲಿ ಯಾರದೋ ತಲೆಬುರುಡೆ. ಇಪ್ಪತ್ತೆರಡು ಪುಟ. ಪ್ರತಿ ಪುಟದ ಮೇಲೂ ತೆಳ್ಳಗಿನ ಗೆರೆಯ ಚೌಕಗಳು, ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು. ರಟ್ಟಿಗೆ ಅಂಟಿಸಿ ಕತ್ತರಿಸಿದರೆ ಒಂದೊಂದು ಪುಟವೂ ಒಂದು ಕೋಣೆ. ಅವುಗಳಿಗೆ ಅವರು ಟೈಲ್ ಎನ್ನುತ್ತಾರೆ. ಜೋಡಿಸುವ ಕ್ರಮ ಬದಲಿಸಿದರೆ ಪ್ರತಿ ಸಲವೂ ಹೊಸ ನೆಲಮಾಳಿಗೆ.

ಹಾಸ್ಟೆಲಿನಲ್ಲಿ ಐದು ಹುಡುಗಿಯರು ಭಾನುವಾರ ಮಧ್ಯಾಹ್ನ ಇದನ್ನು ಆಡುತ್ತಾರಂತೆ. ಒಬ್ಬಳು ಕಥೆ ಹೇಳುವವಳು, ಉಳಿದವರು ಕಥೆಯ ಒಳಗೆ ಹೋಗುವವರು. ಇಲ್ಲೊಂದು ಬಾಗಿಲು ಇದೆ, ಏನು ಮಾಡುತ್ತೀರಿ ಎಂದು ಇವಳು ಕೇಳಬೇಕು. ತೆರೆಯುತ್ತೇನೆ ಎಂದೋ ಓಡುತ್ತೇನೆ ಎಂದೋ ಅವರು ಹೇಳಿ ದಾಳ ಹಾಕಬೇಕು. ದಾಳಕ್ಕೆ ಇಪ್ಪತ್ತು ಮುಖ. ಬೇರೆ ಬೇರೆ ಜಿಲ್ಲೆಯ ಹುಡುಗಿಯರಾದ್ದರಿಂದ ಆಟ ಕನ್ನಡದಲ್ಲಿ. ನಮ್ಮ ಹುಡುಗಿಯೇ ಕಥೆ ಹೇಳುವವಳು ಎಂದು ಕೇಳಿ ನನಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಗೆಲ್ಲುವುದು ಯಾರು ಎಂದು ಕೇಳಿದೆ.

“ಯಾರೂ ಇಲ್ಲ ದೊಡ್ಡಮ್ಮ. ಇದರಲ್ಲಿ ಎಲ್ಲರೂ ಒಂದೇ ಕಡೆ.”

ಗೆಲ್ಲುವವರು ಇಲ್ಲದ್ದು ಯಾವ ಸೀಮೆಯ ಆಟ ಮಾರಾಯ್ತಿ ಎಂದು ತಮಾಷೆ ಮಾಡಿ, ಇಪ್ಪತ್ತೆರಡನ್ನೂ ದಪ್ಪ ಹಾಳೆಯಲ್ಲಿ ಬಣ್ಣದಲ್ಲಿ ಹಾಕಿ ಕೊಟ್ಟೆ. ಒಂದೊಂದು ಪುಟವೂ ನಾಲ್ಕು ಬದಿಗೆ ಬಿಳಿ ಜಾಗ ಬಿಟ್ಟು ಚೊಕ್ಕವಾಗಿ ಬಂತು. ನನ್ನ ಕೆಲಸದ ಬಗ್ಗೆ ನನಗೆ ಯಾವತ್ತೂ ಜಂಬ ಜಾಸ್ತಿ.

ಎರಡು ವಾರ ಬಿಟ್ಟು ಹುಡುಗಿ ಬಂದವಳು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ಚೌಕಕ್ಕೆ ಅರ್ಧ ನೂಲು ಕಡಿಮೆ. ಎಂಟಕ್ಕೆ ಅರ್ಧ ಇಂಚು.’ ಅಕ್ಕ ಎಂದು ಇಲ್ಲ, ಹೆಸರು ಇಲ್ಲ. ಆದರೆ ಆ ಬಾಗಿದ ಅಕ್ಷರ ನನಗೆ ಗೊತ್ತು, ಸ್ಲೇಟಿನಲ್ಲಿ ಕೈ ಹಿಡಿದು ತಿದ್ದಿಸಿದವಳೇ ನಾನು.

ನಡೆದದ್ದು ಹೀಗೆ. ಹಾಸ್ಟೆಲಿನ ಗೆಳತಿಯೊಬ್ಬಳು ಬೇರೆಲ್ಲೋ ಮಾಡಿಸಿದ ಕೆಲವು ಓಣಿ, ಮೆಟ್ಟಿಲುಗಳ ತುಂಡು ಕೊಟ್ಟಿದ್ದಳು. ಅವುಗಳ ಚೌಕ ಸರಿಯಾಗಿ ಒಂದು ಇಂಚು. ನನ್ನ ಕೋಣೆಗಳನ್ನು ಪಕ್ಕಕ್ಕೆ ಇಟ್ಟರೆ ಬಾಗಿಲಿಗೆ ಓಣಿ ಹೊಂದುತ್ತಿರಲಿಲ್ಲ, ಗೋಡೆಗೆ ಗೋಡೆ ಸೇರುತ್ತಿರಲಿಲ್ಲ. ಹುಡುಗಿ ಕತ್ತರಿಸಿಕೊಡು ಎಂದು ತನ್ನ ಅಮ್ಮನ ಹತ್ತಿರ ಹೋದಳು. ದರ್ಜಿಗಳು ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಮುಟ್ಟಿಸುವುದಿಲ್ಲ, ಅದರ ಹರಿತ ಹೋಗುತ್ತದೆ. ತಂಗಿ ಕಾಗದಕ್ಕೆಂದು ಇಟ್ಟ ಹಳೆಯ ಕತ್ತರಿ ತೆಗೆದಳಂತೆ, ರಟ್ಟು ತಂದಳಂತೆ, ಹಾಳೆಯನ್ನು ಒಮ್ಮೆ ನೋಡಿ ಕತ್ತರಿ ಕೆಳಗೆ ಇಟ್ಟಳಂತೆ. ಇದು ಇಂಚು ಅಲ್ಲ ಎಂದಳಂತೆ. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಅಳೆದದ್ದು. ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು, ಅದರ ಅರ್ಧ ಅವಳ ಬರಿಗಣ್ಣಿಗೆ ಕಂಡಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮಿಶಿನ್ ತಪ್ಪು ಹಾಕುವುದಿಲ್ಲ ಎಂದು ಹುಡುಗಿಯ ಮುಂದೆಯೇ ಸ್ಟೀಲಿನ ಸ್ಕೇಲು ಇಟ್ಟೆ. ಎಂಟು ಚೌಕ ಏಳೂವರೆ ಇಂಚಿನಲ್ಲಿ ಮುಗಿದಿತ್ತು. ಹದಿನಾರು ವರ್ಷದ ಆ ಗುರುತನ್ನು ಅವತ್ತು ತೆಗೆದು, ಇದ್ದ ಅಳತೆಯಲ್ಲೇ ಹಾಕಿದೆ. ಆಗ ಇನ್ನೊಂದು ಪೀಕಲಾಟ. ಈ ಚಿತ್ರಗಳು ಅಮೆರಿಕದ ಹಾಳೆಗೆ ಮಾಡಿದ್ದು, ಅದು ನಮ್ಮ ಎ-ಫೋರಿಗಿಂತ ಸ್ವಲ್ಪ ಅಗಲ. ಇಂಚು ಸರಿಯಾಯಿತು, ಎಡಬಲದ ಗೋಡೆ ಪ್ರಿಂಟರ್ ಮುಟ್ಟದ ಅಂಚಿಗೆ ಹೋಗಿ ತುಂಡಾಯಿತು. ಬೇರೆ ದಾರಿ ತೋಚದೆ ಅದೇ ಹಾಳೆಯ ಹಿಂದೆ, ‘ಅಳತೆ ಸರಿ ಮಾಡಿದರೆ ಗೋಡೆ ಹೋಗುತ್ತದೆ’ ಎಂದು ಬರೆದು ಹುಡುಗಿಯ ಕೈಗೆ ಕೊಟ್ಟೆ. ನಾನೂ ತಂಗಿ ಎಂದು ಬರೆಯಲಿಲ್ಲ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಉತ್ತರ ಬಂದದ್ದು ಮತ್ತೆ ಎರಡು ವಾರಕ್ಕೆ. ಈ ನಡುವೆ ನಾನು ದಿನ ಎಣಿಸಿದೆ. ಒಂದು ಪ್ರಿಂಟಿನ ವಿಷಯಕ್ಕೆ ಇಷ್ಟು ಕಾದದ್ದು ನನ್ನ ಬದುಕಿನಲ್ಲಿ ಇಲ್ಲ. ಈ ಸಲ ಒಂದು ಸಾಲು ಜಾಸ್ತಿ ಇತ್ತು: ‘ಗೋಡೆ ಹೋಗಬಾರದು. ಬಟ್ಟೆ ಸಾಲದಿದ್ದರೆ ದೊಡ್ಡ ಬಟ್ಟೆ ತರುವುದು. ಬಟ್ಟೆಗೆ ಸರಿಯಾಗಿ ಬ್ಲೌಸ್ ಸಣ್ಣ ಮಾಡುವುದಲ್ಲ.’

ನಾನು ಅದನ್ನು ಮೂರು ಸಲ ಓದಿದೆ. ಅವಳು ಹಾಳೆಯ ವಿಷಯ ಮಾತ್ರ ಬರೆದಿರಬಹುದು. ನನಗೆ ಹಾಗೆ ಕೇಳಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಯಾರಿಗೆ ಏನು ಬೇಕು, ಯಾರು ಎಷ್ಟು ತಾಳಿಯಾರು ಎಂದು ನನ್ನ ಲೆಕ್ಕದಲ್ಲೇ ತೀರ್ಮಾನ ಮಾಡಿ ಕೊನೆಗೆ ಅವರಿಗೆ ಹೇಳುವವಳು ನಾನು. ಅಮ್ಮನ ಕಡೆಯ ಬೆಳಗನ್ನೂ ಹಾಗೆ ನನ್ನ ಹಾಳೆಗೆ ಹೊಂದಿಸಿಬಿಟ್ಟಿದ್ದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣಿಗೆ ಟೋನರಿನ ಪುಡಿ ಹೋಯಿತು ಎಂದೆ. ಅವಳು ನಂಬಿದ ಹಾಗೆ ಮಾಡಿದಳು.

ದೊಡ್ಡ ಬಟ್ಟೆ ನನ್ನ ಕಾಲಬುಡದಲ್ಲೇ ಇತ್ತು. ಅಫಿಡವಿಟ್ಟು, ಕರಾರುಪತ್ರ ಟೈಪ್ ಮಾಡುವ ಲೀಗಲ್ ಸೈಜಿನ ಹಾಳೆ, ಕಟ್ಟು ಕಟ್ಟಾಗಿ. ಅಗಲ ಎಂಟೂವರೆ ಇಂಚು. ಎಂಟು ಚೌಕ ಕೂತು ಎರಡು ಬದಿಗೆ ಕಾಲು ಕಾಲು ಇಂಚು ಉಳಿಯುತ್ತದೆ, ಗೋಡೆಯ ಗೆರೆಯೂ ಪೂರ್ತಿ. ಜನ ಆಣೆ ಮಾಡಿ ಸಹಿ ಹಾಕುವ ಹಾಳೆಯ ಮೇಲೆ ತಲೆಬುರುಡೆ, ನೀರಿನ ಗುಂಡಿ ಎಲ್ಲ ಸಾಲಾಗಿ ಹೊರಗೆ ಬರುವುದನ್ನು ನೋಡಿ ನನಗೂ ಹುಡುಗಿಗೂ ನಗು ತಡೆಯಲಿಲ್ಲ. ಪ್ರತಿ ಹಾಳೆಗೂ ಸ್ಕೇಲು ಇಟ್ಟು ನೋಡಿದೆ. ತೆಗೆದುಕೊಂಡು ಹೋಗು ಎಂದಾಗ ಹುಡುಗಿ ಕೈ ಚಾಚಲಿಲ್ಲ.

“ನೀವೇ ತಂದು ಕೊಡಿ ದೊಡ್ಡಮ್ಮ. ಆಟಿಯಲ್ಲಿ ಅಮ್ಮನಿಗೆ ಕೆಲಸ ಇಲ್ಲ. ನೀವಿಬ್ಬರೂ ಆಡಿ, ನಾನು ಕಥೆ ಹೇಳ್ತೇನೆ.”

ಅವಳು ಹೇಳಿದ್ದು ನಿಜ. ಆಟಿ ಎಂದರೆ ಮಳೆ ಸುರಿಯುವ ತಿಂಗಳು, ನಮ್ಮ ಕಡೆ ಆಗ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಲೌಸಿಗೆ ಅವಸರವೂ ಇಲ್ಲ. ಆದರೆ ಅಕ್ಕ ತಂಗಿ ಆಟಕ್ಕೆ ಕೂರುವುದು ಸುಲಭದ ಮಾತಲ್ಲ. ಆಟಿಯಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಾರೆ, ಎರಡು ಸಾಲು ಗುಳಿಗಳಲ್ಲಿ ಕಾಯಿ ಹಂಚಿ ಆಡುವ ಮರದ ಮಣೆ. ತಿಂಗಳು ಮುಗಿದರೆ ಅದು ಮತ್ತೆ ಅಟ್ಟಕ್ಕೆ. ಅದರ ಎದುರುಬದುರು ಒಡಹುಟ್ಟಿದ ಹೆಣ್ಣುಮಕ್ಕಳು ಕೂರಬಾರದು, ಕೂತರೆ ಒಬ್ಬರಿಗೊಬ್ಬರು ಇಲ್ಲದ ಹಾಗೆ ಆಗುತ್ತದೆ ಎಂದು ನಂಬಿಕೆ. ಅಮ್ಮ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಮಣೆಯನ್ನು ಒರೆಸಲಿಕ್ಕೂ ನಮ್ಮಿಬ್ಬರನ್ನು ಒಟ್ಟಿಗೆ ಬಿಡುತ್ತಿರಲಿಲ್ಲ.

ಒಂದೇ ಒಂದು ಸಲ ಬಿಟ್ಟಿದ್ದರು. ನಾವು ಆಗ ಬಂಟ್ವಾಳ ಪೇಟೆಯಲ್ಲಿ ಬಾಡಿಗೆಗೆ ಇದ್ದೆವು. ಒಂದು ಮಳೆಗಾಲ ನೇತ್ರಾವತಿ ಹೊಳೆ ಏರಿ ಅಂಗಳಕ್ಕೆ ಬಂತು, ಆಮೇಲೆ ಜಗಲಿಗೆ. ನೆರೆಮನೆಯ ಮಾಳಿಗೆಯ ಮೇಲೆ ಎರಡು ದಿನ ಕೂತೆವು. ಅಮ್ಮ ಸ್ಟೌವ್, ಬಟ್ಟೆಗಂಟು, ಚೆನ್ನೆಮಣೆ ಇಷ್ಟನ್ನು ಹೊತ್ತು ತಂದಿದ್ದರು. ಎರಡನೆಯ ದಿನ ತಂಗಿ ನೀರು ನೋಡಿ ಹೆದರಿ ಅಳು ನಿಲ್ಲಿಸಲೇ ಇಲ್ಲ. ಆಗ ಅಮ್ಮ ಮಣೆ ಇಟ್ಟು, ನಮ್ಮಿಬ್ಬರನ್ನೂ ಒಂದೇ ಬದಿಗೆ ಕೂರಿಸಿ, ತಾವು ಎದುರು ಬದಿಗೆ ಕೂತರು. ಇಬ್ಬರೂ ಸೇರಿ ನನ್ನನ್ನು ಸೋಲಿಸಿ ಎಂದರು. ತಂಗಿ ನನ್ನ ತೊಡೆಗೆ ಒರಗಿ ಕೂತು ಕಾಯಿ ಹಾಕಿದಳು. ಅಮ್ಮ ಬೇಕೆಂದೇ ಸೋತರು.

ಆಟಿಯ ಒಂದು ಭಾನುವಾರ, ಅಂಗಡಿ ಮನೆಯವರಿಗೆ ಒಪ್ಪಿಸಿ, ಹಾಳೆಗಳನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬೆಳ್ತಂಗಡಿಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ಕ್ಷಮಿಸು ಎನ್ನುವ ಪದ ತುಳುವಿನಲ್ಲಿ ನಾವು ಮನೆಯೊಳಗೆ ಆಡಿದ್ದೇ ಇಲ್ಲ. ಗುರುವಾಯನಕೆರೆ ಬರುವಾಗ ಇಳಿದು ವಾಪಸು ಹೋಗುವ ಎಂದೂ ಅನ್ನಿಸಿತು.

ತಂಗಿ ಬಾಗಿಲಲ್ಲೇ ಇದ್ದಳು. ಸ್ವಲ್ಪ ಸೊರಗಿದ್ದಳು, ಕನ್ನಡಕ ಹೊಸತು. ನನ್ನನ್ನು ನೋಡಿ ಒಳಗೆ ತಿರುಗಿ, “ಅವರಿಗೆ ಚಾ ಬೇಕಾ ಕೇಳು,” ಎಂದು ಮಗಳಿಗೆ ಹೇಳಿದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬೇಕು ಎಂದು ನಾನೂ ಹುಡುಗಿಗೇ ಹೇಳಿದೆ. ಕೊಡೆ ಮಡಚಿ ಮೂಲೆಗೆ ಇಟ್ಟೆ.

ಚಾ ಆಗುವಾಗ ತಂಗಿ ಹಾಳೆಗಳನ್ನು ಬಿಚ್ಚಿ ಮೊದಲ ಹಾಳೆಯ ಮೇಲೆ ಟೇಪು ಇಟ್ಟಳು. ಅಡ್ಡಕ್ಕೆ, ಉದ್ದಕ್ಕೆ, ಮತ್ತೆ ಮೂಲೆಯಿಂದ ಮೂಲೆಗೆ. ಆಮೇಲೆ ಕಾಗದದ ಕತ್ತರಿ ತೆಗೆದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಕಚೇರಿಯಲ್ಲೂ ಸಿಕ್ಕಿಲ್ಲ. ನಾನು ಅಂಟು ಹಚ್ಚಿದೆ, ಅವಳು ಕತ್ತರಿಸಿದಳು, ಹುಡುಗಿ ಒಣಗಲು ಹಾಕಿದಳು. ಎರಡು ಗಂಟೆ ನಾವು ಹೀಗೆ ಮಾತಿಲ್ಲದೆ ಕೆಲಸ ಮಾಡಿದೆವು, ಕೈಗೆ ಕೈ ತಾಗಿದಾಗ ಇಬ್ಬರೂ ಹಿಂದಕ್ಕೆ ತೆಗೆದೆವು.

ಊಟ ಆದ ಮೇಲೆ ಹುಡುಗಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೆಲಮಾಳಿಗೆ ಜೋಡಿಸಿದಳು. ಕೋಣೆಗೆ ಓಣಿ, ಓಣಿಗೆ ಮೆಟ್ಟಿಲು, ಗೋಡೆಗೆ ಗೋಡೆ ಕೂದಲೆಳೆಯಷ್ಟೂ ಬಿಡದೆ ಕೂತವು. ತಂಗಿ ಒಂದು ಮೂಲೆಯಲ್ಲಿ ನಿಂತು, ಅಕ್ಕ ತಂಗಿ ಮಣೆಯ ಎದುರು ಕೂರಬಾರದು, ನಾನು ಇಲ್ಲ ಎಂದಳು. ಇದು ಎದುರಾಳಿಗಳ ಆಟವಲ್ಲ, ಇಬ್ಬರೂ ಒಂದೇ ಕಡೆ ಎಂದು ಹುಡುಗಿ ಹೇಳಿದಳು. ತಂಗಿ ಮೇಜಿನ ಆಚೆ ಬದಿಗಿದ್ದ ಸ್ಟೂಲನ್ನು ಎತ್ತಿ ತಂದು ನನ್ನ ಸ್ಟೂಲಿನ ಪಕ್ಕ ಇಟ್ಟು ಕೂತಳು. ಮಾಳಿಗೆಯ ಮೇಲಿನ ಆ ದಿನ ಅವಳಿಗೂ ನೆನಪಾಗಿರಬೇಕು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಚೌಕಗಳ ಮೇಲೆ ನಡೆಸಲು ನನ್ನ ಗುರುತಿಗೆ ಪೆನ್ನಿನ ಮುಚ್ಚಳ, ಅವಳದಕ್ಕೆ ಒಂದು ಬಿಳಿ ಬಟನ್. ದೆವ್ವ, ಜೇಡ ಎಲ್ಲದಕ್ಕೂ ಅಮ್ಮನ ಮಣೆಯ ಚೆನ್ನೆಕಾಯಿ, ಮಣೆ ಈಗ ತಂಗಿಯ ಹತ್ತಿರ ಇದೆ. ಮನೆಯಲ್ಲಿ ನಾವೆಲ್ಲ ತುಳುವೇ ಆದರೂ ಆಟ ಶುರುವಾದ ಕೂಡಲೇ ಹುಡುಗಿ ಅಭ್ಯಾಸಬಲದಿಂದ ಕನ್ನಡಕ್ಕೆ ಹೋದಳು. ತಂಗಿ ಕನ್ನಡ ಮಾತಾಡುವುದು ಬ್ಯಾಂಕಿನಲ್ಲಿ ಮಾತ್ರ. “ನಾನು ಬಲಗಡೆಯ ಬಾಗಿಲನ್ನು ತೆರೆಯಲು ಇಚ್ಛಿಸುತ್ತೇನೆ,” ಎಂದು ಅರ್ಜಿ ಓದಿದ ಹಾಗೆ ಹೇಳಿದಾಗ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನನ್ನ ಬಗ್ಗೆ ಹೇಳುವಾಗ ‘ಇವರು’ ಎಂದಳು. ಆಡುತ್ತಾ ಕೈ ಖಾಲಿ ಇರಬಾರದೆಂದು ಒಂದು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ಆದರೆ ಆಟ ಹಿಡಿಯಿತು. ಒಮ್ಮೆ ಉತ್ಸಾಹದಲ್ಲಿ ಬಟನನ್ನು ಎಂಟು ಚೌಕ ಮುಂದೆ ಇಟ್ಟಳು. ಹುಡುಗಿ ತಕ್ಷಣ ಎರಡು ಹಿಂದಕ್ಕೆ ತಳ್ಳಿದಳು.

“ಅಮ್ಮ, ಒಂದು ಸಲಕ್ಕೆ ಆರೇ ಚೌಕ. ಯಾರಿಗೂ ಬಿಡ್ಲಿಕ್ಕಿಲ್ಲ.”

ಮಗಳ ಈ ಕಟ್ಟುನಿಟ್ಟು ಅಜ್ಜಿಯದ್ದು ಎಂದು ನನಗೆ ಹೇಳಬೇಕೆನಿಸಿತು. ತಂಗಿಗೂ ಅನ್ನಿಸಿರಬೇಕು, ತುಟಿ ಸ್ವಲ್ಪ ಅರಳಿತು. ಎರಡು ವರ್ಷದಲ್ಲಿ ಅಷ್ಟು ಹತ್ತಿರದಿಂದ ಅವಳ ನಗು ನಾನು ನೋಡಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ತಂಗಿಯ ಬಟನ್ ಒಂದು ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆಯ ಬೀಗ ಬಿಡಿಸುತ್ತಿತ್ತು. ನಡುವೆ ಬಿಟ್ಟರೆ ಬೀಗ ಮತ್ತೆ ಬೀಳುತ್ತದೆ, ಅಷ್ಟೂ ಶ್ರಮ ದಂಡ. ನನ್ನ ಮುಚ್ಚಳ ಓಣಿ ದಾಟಿ ನೀರಿನ ಗುಂಡಿಯ ಕೋಣೆಗೆ ಬಂದಿತ್ತು. ಇಬ್ಬರ ನಡುವೆ ಹದಿನಾಲ್ಕು ಚೌಕ. ಹುಡುಗಿ ದನಿ ತಗ್ಗಿಸಿದಳು. ಕಂಬದ ಆಚೆ ಯಾರೋ ಇದ್ದಾರೆ, ಕಾಣುವುದಿಲ್ಲ, ಉಸಿರಾಡುವ ಸದ್ದು ಮಾತ್ರ ಕೇಳುತ್ತದೆ ಎಂದಳು. ಸಂಗಾತಿಯನ್ನು ಕರೆಯುತ್ತೀರಾ ಎಂದು ಕೇಳಿದಳು.

“ಬೇಡ,” ಎಂದೆ ನಾನು. “ಅವಳಿಗೆ ಅಲ್ಲಿ ಕೆಲಸ ಉಂಟು. ಮೊದಲು ನಾನೇ ನೋಡ್ತೇನೆ.”

ಪಕ್ಕದಲ್ಲಿ ಸೂಜಿ ನಿಂತಿತು. ನನಗೆ ನನ್ನ ಮಾತು ನನ್ನ ಕಿವಿಗೆ ಬೀಳಲು ಒಂದು ಕ್ಷಣ ಬೇಕಾಯಿತು. ಹುಡುಗಿ ಬೇಕೆಂದು ಕೇಳಿದ್ದಲ್ಲ, ಅವಳ ಮುಖ ಬಿಳಚಿಕೊಂಡಿತ್ತು. ಹೊರಗೆ ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು.

“ಅವತ್ತೂ ಹೀಗೇ ಅಂದುಕೊಂಡದ್ದಲ್ವಾ ನೀನು,” ಎಂದಳು ತಂಗಿ. ತುಳುವಿನಲ್ಲಿ, ಮೆಲ್ಲಗೆ, ನನ್ನ ಹತ್ತಿರ.

ಹೌದು ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹಿಡಿದಿಡಲು ನನ್ನಿಂದ ಆಗಲಿಲ್ಲ. ಪಕ್ಕಪಕ್ಕ ಕೂತದ್ದು ಒಳ್ಳೆಯದಾಯಿತು, ಅವಳ ಮುಖ ನೋಡುತ್ತಾ ಹೇಳಲು ಸಾಧ್ಯವಿರಲಿಲ್ಲ. ಅವತ್ತು ಬೆಳಿಗ್ಗೆ ಗಂಜಿಯ ತೆಳಿ ಕುಡಿಸುವಾಗ ಅಮ್ಮ, ಸಣ್ಣವಳು ಬಂದಳಾ ಎಂದು ಕೇಳಿದ್ದರು. ಬರುತ್ತಾಳೆ ಎಂದೆ, ಫೋನ್ ಮಾಡದೆಯೇ. ಹನ್ನೊಂದು ಗಂಟೆಗೆ ಮತ್ತೊಮ್ಮೆ ಕೇಳಿದರು. ದಾರಿಯಲ್ಲಿದ್ದಾಳೆ ಎಂದೆ. ಅವರು ಬಾಗಿಲ ಕಡೆಗೆ ತಲೆ ಹೊರಳಿಸಿ ಮಲಗಿದರು. ಯಾರನ್ನೂ ಕೇಳಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದು ಸುಳ್ಳು, ನನ್ನ ತಪ್ಪು ಮುಚ್ಚಲಿಕ್ಕೆ ಹೇಳಿದ್ದು. ಇದೆಲ್ಲವನ್ನೂ ನಾನು ಆ ಪೆನ್ನಿನ ಮುಚ್ಚಳವನ್ನು ನೋಡುತ್ತಾ ಹೇಳಿದೆ. ಇನ್ನು ಎದ್ದು ಹೊರಡುವುದು ಎಂದು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದೂ ನೆನಪು ಮಾಡಿಕೊಂಡೆ.

ತಂಗಿ ಸೂಜಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ತಿರುಗಿದಳು.

“ಅಮ್ಮ ನನ್ನನ್ನು ಕೇಳಿದ್ರಾ?”

“ಎರಡು ಸಲ.”

“ನೀನು ಎಲ್ಲರಿಗೂ ಇಲ್ಲ ಅಂದದ್ದು ನಾನು ಅಲ್ಲೇ ಕೂತು ಕೇಳಿದ್ದೆ. ಅಮ್ಮನಿಗೆ ಕಡೆಗೆ ನನ್ನ ನೆನಪೇ ಬರ್ಲಿಲ್ಲ ಅಂತ…” ಎಂದಳು. ಅರ್ಧ ಹಾಕಿದ ಹುಕ್ಕಿನ ಬ್ಲೌಸಿನಲ್ಲಿ ಮುಖ ಒತ್ತಿಕೊಂಡಳು.

ಎರಡು ವರ್ಷ ಅವಳು ಹೊತ್ತದ್ದು ನನ್ನ ಮೇಲಿನ ಸಿಟ್ಟು ಎಂದು ನಾನು ತಿಳಿದಿದ್ದೆ. ಸಿಟ್ಟು ಇತ್ತು, ಆದರೆ ಅದರ ಅಡಿಯಲ್ಲಿ ಇದು ಇತ್ತು. ಅವಳಿಗೆ ಬೇಕಾದದ್ದನ್ನೇ ನಾನು ಅವಳಿಗೆ ಗೊತ್ತಾಗಬಾರದೆಂದು ಬಚ್ಚಿಟ್ಟಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ತಪ್ಪಾಯಿತು ಎಂದೆ. ಆ ಪದ ಬಾಯಿಂದ ಬಂದದ್ದೂ ಅದೇ ಮೊದಲು. ಅವಳ ಬೆನ್ನಿನ ಮೇಲೆ ಕೈ ಇಟ್ಟೆ. ಅವಳು ಕೈ ಕೊಡವಲಿಲ್ಲ.

ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಕನ್ನಡಕ ತೆಗೆದು ಬ್ಲೌಸಿನ ಅಂಚಿನಲ್ಲೇ ಒರೆಸಿ, ಹಾಕಿಕೊಂಡಳು. ಮೇಜಿನ ಮೇಲೆ ಎಲ್ಲ ಇದ್ದ ಹಾಗೇ ಇತ್ತು. ಪೆಟ್ಟಿಗೆಯ ಪಕ್ಕದಲ್ಲಿ ಬಟನ್, ಗುಂಡಿಯ ಪಕ್ಕದಲ್ಲಿ ಪೆನ್ನಿನ ಮುಚ್ಚಳ, ಕಂಬದ ಆಚೆ ಅಮ್ಮನ ಒಂದು ಚೆನ್ನೆಕಾಯಿ.

“ಈಗ ಕರಿ,” ಎಂದಳು.

ಬಾ ಎಂದು ಒಂದೇ ಅಕ್ಷರ ಹೇಳಿದೆ.

ಅವಳು ಬೀಗ, ಪೆಟ್ಟಿಗೆ ಎಲ್ಲ ಅಲ್ಲೇ ಬಿಟ್ಟು, ಬಟನಿನ ಮೇಲೆ ಬೆರಳಿಟ್ಟು, ಬಾಗಿಲು ದಾಟಿ, ಓಣಿ ದಾಟಿ, ಹದಿನಾಲ್ಕು ಚೌಕವನ್ನೂ ಒಂದೇ ಉಸಿರಿಗೆ ಎಳೆದುಕೊಂಡು ಬಂದು ನನ್ನ ಮುಚ್ಚಳಕ್ಕೆ ತಾಗಿಸಿ ನಿಲ್ಲಿಸಿದಳು. ನಾನು ಹುಡುಗಿಯ ಕಡೆಗೆ ನೋಡಿದೆ. ಅವಳು ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು, ಆರೇ ಚೌಕ ಎಂದು ಹೇಳಲಿಲ್ಲ.